ಕೂಟಲೇಖದಿಂದ ಜಾಗೃತಿಯೆ?

ಲಕ್ಷ್ಮೇಶ್ವರದ ಶಂಖಬಸದಿಯ ಶಾಸನಗಳಲ್ಲಿ ಬಾದಾಮಿ ಚಾಲುಕ್ಯ ಅರಸರ ಹೆಸರಿನ ದಾನಗಳು ಉಲ್ಲೇಖಗೊಂಡಿವೆ. ಆದರೆ ಅವುಗಳ ಲಿಪಿ ಆ ಅರಸರ ಕಾಲಕ್ಕಿಂತ ಈಚಿನದು. ಆದುದರಿಂದ ವಿದ್ವಾಂಸರು ಅರಸನ ಹೆಸರನ್ನಷ್ಟೇ ನಂಬದೆ ಬರಹವನ್ನು ಒರೆಗೆ ಹಚ್ಚಿದರು. ಪತ್ರದಲ್ಲಿರುವ ಹೆಸರೇ ಪತ್ರಕ್ಕೆ ಪ್ರಮಾಣವಲ್ಲವೆಂಬ ಈ ವಿವೇಕವು ಇಂದು ಮೊಬೈಲು ಹಿಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಶಿಕ್ಷಕನಿಗೂ ಅವಶ್ಯವಾಗಿದೆ. ಬ್ಯಾಂಕಿನ ಅಥವಾ ವಿದ್ಯಾರ್ಥಿವೇತನದ ಹೆಸರಿನಲ್ಲಿ ಬರುವ ಸುಳ್ಳು ಸಂದೇಶದ ಲಿಂಕನ್ನು ಒತ್ತಿ, ಕೇಳಿದ್ದನ್ನು ತುಂಬಿದರೆ ಪಾಸ್‌ವರ್ಡ್, ಓಟಿಪಿ, ಕೊನೆಗೆ ಖಾತೆಯ ಹಣವೂ ಪರರ ಪಾಲಾಗುತ್ತವೆ. ಇದಕ್ಕೆ ಫಿಶಿಂಗ್ ಎಂದು ಹೆಸರು.

ಇದರ ನಿವಾರಣೆಗೆಂದು ಒಂದು ಪದ್ಧತಿ ಬಳಕೆಗೆ ಬಂದಿದೆ. ಸಂಸ್ಥೆಯೇ ತನ್ನ ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ಗುಟ್ಟಾಗಿ ಸುಳ್ಳು ಪತ್ರ ಕಳುಹಿಸಿ, ಮೋಸಹೋದವರನ್ನು ಎಣಿಸುತ್ತದೆ. ಉದ್ದೇಶ ಶುದ್ಧವಾದುದು, ಸಾಧನವು ಮಾತ್ರ ವಿಚಾರಣೀಯ. 2024ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸಾಂಟಾ ಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು, ಸಿಬ್ಬಂದಿಯೊಬ್ಬರಿಗೆ ಎಬೋಲಾ ತಗುಲಿದೆಯೆಂಬ ಪರೀಕ್ಷಾಪತ್ರ ಕಳುಹಿಸಿ ಭೀತಿ ಹುಟ್ಟಿಸಿತು. ಬಳಿಕ ಕ್ಷಮೆ ಕೇಳಿತು. ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 14,000ಕ್ಕೂ ಹೆಚ್ಚು ನೌಕರರನ್ನು 15 ತಿಂಗಳು ಪರಿಶೀಲಿಸಿ 2021ರಲ್ಲಿ ಹೊರತಂದ ಅಧ್ಯಯನವೂ ಗಮನಾರ್ಹ. ಮೋಸಹೋದ ಕ್ಷಣದಲ್ಲೇ ನೀಡಿದ ಬೋಧನೆಯಿಂದ ಜನರು ಹೆಚ್ಚು ಎಚ್ಚರಗೊಳ್ಳಲಿಲ್ಲ. ಸಂಶಯ ಬಂದೊಡನೆ ತಿಳಿಸುವ ವ್ಯವಸ್ಥೆಯಾದರೋ ಫಲಕಾರಿಯಾಯಿತು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಪರರನ್ನು ವಂಚಿಸಲು ರಚಿಸಿದ ಸುಳ್ಳು ಬರಹವೇ ಕೂಟಲೇಖ. ಪರೀಕ್ಷಕನಿಗೆ ಪರಧನದ ಆಸೆಯಿಲ್ಲ. ಆದುದರಿಂದ ಅವನು ವಂಚಕನಿಗೆ ಸಮಾನನಲ್ಲ. ಆದರೆ ಗುರುವಿನ ಹೆಸರಿನ ಪತ್ರವನ್ನೇ ಶಿಷ್ಯನು ಶಂಕಿಸುವಂತಾದರೆ ಆ ನಷ್ಟವನ್ನು ಯಾವ ಖಾತೆಗೆ ಬರೆಯುವುದು? ಗುಮಾಸ್ತನಿಗೆ ಖೋಟಾ ನೋಟನ್ನು ಗುರುತಿಸಲು ಕಲಿಸುವ ಸಾಹುಕಾರನು ಅದನ್ನು ಬೆಳಕಿಗೆ ಹಿಡಿದು ತೋರಿಸುತ್ತಾನೆಯೇ ಹೊರತು ಅವನ ಸಂಬಳದಲ್ಲಿ ಸೇರಿಸಿ ಕೊಡುವುದಿಲ್ಲ.

ಹಾಗೆಂದು ಪರೀಕ್ಷೆಯೇ ಬೇಡವೆನ್ನುವುದೂ ಏಕಾಂತವಾದೀತು. ಇಂಥ ಪರೀಕ್ಷೆ ನಡೆಯಲಿದೆಯೆಂದು ಮೊದಲೇ ಸಾರಿ, ರೋಗದ ಭಯವನ್ನಾಗಲಿ ಹಣದ ಆಸೆಯನ್ನಾಗಲಿ ಒಡ್ಡದೆ, ತಪ್ಪಿದವರ ಹೆಸರನ್ನು ಬಯಲು ಮಾಡದೆ, ಸಂಶಯವನ್ನು ತಿಳಿಸಿದವರನ್ನು ಪ್ರಶಂಸಿಸಿದರೆ ಅದು ಬೋಧನೆಯೆನಿಸುತ್ತದೆ. ಮೋಸಹೋದ ಬಾಲಕನು ಲಜ್ಜೆಯಿಂದ ಮುಚ್ಚಿಟ್ಟರೆ ಹಣ ಕೈತಪ್ಪುತ್ತದೆ. ಕೂಡಲೇ ಹೇಳಿದರೆ 1930 ಸಹಾಯವಾಣಿಗೆ ಕರೆ ಮಾಡಿ ಅದನ್ನು ತಡೆಹಿಡಿಸುವ ಅವಕಾಶ ಉಳಿದಿರುತ್ತದೆ. ಶಾಲೆ, ವಸತಿನಿಲಯಗಳನ್ನು ನಡೆಸುವ ಟ್ರಸ್ಟುಗಳು ಇದನ್ನು ಮನಗಾಣಬೇಕು. ಆ ಬಾಲಕನು ಹೇಳಲು ಅಂಜದಂಥ ವಾತಾವರಣವನ್ನು ನಿರ್ಮಿಸುವುದು ಪರೀಕ್ಷೆಗಿಂತ ಮೊದಲಿನ ಕರ್ತವ್ಯ.