ಹಿರಿಯಳ ಕಿವಿಮಾತು

ಬಾನಿ ರೇಟ್ ತನ್ನ ಹೆಸರನ್ನೇ ಇಟ್ಟು 1971ರಲ್ಲಿ ಹೊರತಂದ ಮೊದಲ ಆಲ್ಬಮ್ಮಿನಲ್ಲಿ ಹನ್ನೊಂದು ಹಾಡುಗಳಿವೆ. ಹಾಡಿದಾಗ ಅವಳಿಗೆ 21 ವರ್ಷ. ಮಿನೆಸೋಟಾದ ಸರೋವರದ ಬಳಿ ಖಾಲಿ ಬಿಡಾರವೊಂದರಲ್ಲಿ, ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದನ್ನು ನಾಲ್ಕೇ ಟ್ರ್ಯಾಕಿನಲ್ಲಿ ಹಿಡಿದದ್ದು. ಅದಕ್ಕೇ ಏನೋ, ಇದರಲ್ಲೊಂದು ಮನೆಯ ಸಲುಗೆಯಿದೆ.

ಬ್ಲೂಸ್ ಅಮೆರಿಕದ ಕಪ್ಪು ಜನ ತಮ್ಮ ಕಷ್ಟ, ಪ್ರೇಮ, ದ್ರೋಹಗಳನ್ನು ತೋಡಿಕೊಂಡ ಹಾಡು. ಬಾನಿಯೋ ಬಿಳಿಯ ಹುಡುಗಿ, ಬ್ರಾಡ್‌ವೇ ಗಾಯಕನ ಮಗಳು. ಅವಳಿಗೇನು ಹಕ್ಕು ಎಂದು ಕೇಳಲೇಬೇಕು. ರಾಬರ್ಟ್ ಜಾನ್ಸನ್ 1936ರಲ್ಲಿ ಹಾಡಿದ್ದ 'ವಾಕಿಂಗ್ ಬ್ಲೂಸ್' ಕೇಳಿದರೆ ಗಿಟಾರು ಒಲಿದಿದೆ, ಕೊರಳಿನ್ನೂ ಎಳಸು ಅನ್ನಿಸುತ್ತದೆ.

ಸಿಪ್ಪಿ ವ್ಯಾಲೇಸಳ ಎರಡು ಹಾಡುಗಳ ಮಾತೇ ಬೇರೆ. 1898ರಲ್ಲಿ ಹುಟ್ಟಿ, 1920ರ ದಶಕದಲ್ಲಿ ಹೆಸರು ಮಾಡಿ, ಆಮೇಲೆ ಎಷ್ಟೋ ಕಾಲ ಡೆಟ್ರಾಯಿಟ್‌ನ ಚರ್ಚಿನಲ್ಲಿ ಆರ್ಗನ್ ನುಡಿಸಿಕೊಂಡಿದ್ದಾಕೆ ಸಿಪ್ಪಿ. ಆಲ್ಬಮ್ಮಿನ ಕೊನೆಯ ಹಾಡು 'ವಿಮೆನ್ ಬಿ ವೈಸ್'ನಲ್ಲಿ ಆಕೆಯ ಬುದ್ಧಿಮಾತು ಇಷ್ಟೇ: ನಿನ್ನವನ ಗುಣಗಾನವನ್ನು ಗೆಳತಿಯರೆದುರು ಮಾಡಬೇಡ. ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳುವಂಥ ಮಾತು! ಬಾನಿ ಅನುಭವಸ್ಥೆಯ ಸೋಗು ಹಾಕುವುದಿಲ್ಲ. ಕೇಳಿಸಿಕೊಂಡ ಕಿರಿಯಳಾಗಿ, ನಗು ತಡೆಯುತ್ತ ಹಾಡುತ್ತಾಳೆ. ನನಗೆ ಅವಳ ಮೇಲೆ ನಂಬಿಕೆ ಹುಟ್ಟಿದ್ದು ಇಲ್ಲೇ.

ಅವಳೇ ಬರೆದವು ಎರಡು. 'ಥ್ಯಾಂಕ್ ಯೂ' ಮೆಲುದನಿಯ ಹಾಡು, ಬ್ಲೂಸ್ ಅಲ್ಲವೇ ಅಲ್ಲ. 'ಫೈನೆಸ್ಟ್ ಲವಿಂಗ್ ಮ್ಯಾನ್'ನಲ್ಲಿ ಸಿಪ್ಪಿಯ ಗುಂಗಿದೆ, ಆದರೆ ಹುಡುಗಿ ಮಾಡುವುದು ತನ್ನವನ ಗುಣಗಾನವನ್ನೇ! ಕಿವಿಮಾತು ಕಿವಿಗೆ ಬಿದ್ದಿಲ್ಲ.

ಮುಂದೆ ಬಾನಿ ಆ ಹಿರಿಯಳನ್ನು ತನ್ನ ಜತೆಗೇ ವೇದಿಕೆಗೆ ಕರೆದೊಯ್ದಳು. ಇಬ್ಬರೂ ಒಟ್ಟಿಗೆ ಹಾಡಿದರು.