ಕಡಲ ಕೆಸರಿನ ಕುಸುರಿ

ಕಡಲ ತಳದಿಂದ ಮೇಲೆತ್ತಿದ ಕೆಸರಿನಲ್ಲಿ ಬರಿಗಣ್ಣಿಗೆ ಹಿಡಿಸುವಂಥದ್ದು ಏನೂ ಇರುವುದಿಲ್ಲ. ಬೂದು ಬಣ್ಣ, ಕೈಗೆ ಅಂಟುವ ಜಿಗುಟು, ಅಷ್ಟೇ. ಅದನ್ನು ಬಹಳ ನಯವಾದ ಜರಡಿಗೆ ಹಾಕಿ ನೀರು ಬಿಡುತ್ತಾ ಹೋದರೆ ಜೇಡಿ ಕರಗಿ ಹರಿದುಹೋಗಿ, ಜರಡಿಯ ಮೇಲೆ ಒಂದಿಷ್ಟು ಬಿಳಿಯ ಪುಡಿ ಉಳಿಯುತ್ತದೆ. ಒಣಗಿಸಿ, ಕಪ್ಪು ಬಣ್ಣ ಬಳಿದು ಚೌಕುಳಿ ಗೆರೆ ಎಳೆದ ಪುಟ್ಟ ತಟ್ಟೆಯ ಮೇಲೆ ಉದುರಿಸಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಆಗ ಕಾಣುವುದು ಗೋಳ, ಸುರುಳಿ, ಹೂಜಿ, ನಕ್ಷತ್ರ, ಬಿಲ್ಲೆ, ಜಡೆ. ಒಂದೊಂದಕ್ಕೂ ಒಂದೊಂದು ಆಕಾರ, ಒಂದೊಂದರ ಮೈಮೇಲೂ ಬೇರೆಬೇರೆ ಕೆತ್ತನೆ. ಇವು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ಬಿಟ್ಟುಹೋದ ಚಿಪ್ಪುಗಳು. ಬಲ್ಲವರು ಸಲಿಗೆಯಿಂದ ‘ಫೊರಾಮ್’ ಎನ್ನುತ್ತಾರೆ.

ಭೂಮಿಯ ಹವಾಮಾನದ ಹಳೆಯ ಕಥೆ ಹೇಳಹೊರಟವರು ಇಂದು ಈ ಚಿಪ್ಪುಗಳನ್ನು ಬಿಟ್ಟು ಮುಂದೆ ಹೋಗಲಾರರು. ಹಿಮಯುಗ ಯಾವಾಗ ಬಂತು, ಕಡಲು ಎಷ್ಟು ಬೆಚ್ಚಗಿತ್ತು, ಮುಂಗಾರು ಯಾವ ಕಾಲದಲ್ಲಿ ಸೊರಗಿತು ಎಂಬುದಕ್ಕೆಲ್ಲ ಇವು ಸಾಕ್ಷಿ ಹೇಳುತ್ತವೆ. ಆದರೆ ಈ ಉಪಯೋಗ ಗೊತ್ತಾದದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ. ಅದಕ್ಕೂ ಬಹಳ ಮೊದಲೇ ಕೆಲವರು ಇವನ್ನು ಕಣ್ತುಂಬ ನೋಡಿದರು, ಬಿಡಿಸಿದರು, ಕೆತ್ತಿದರು, ಗಾಜಿಗೆ ಅಂಟಿಸಿ ಜೋಪಾನ ಮಾಡಿದರು. ಅಂಥ ರಸಿಕರು ಇಲ್ಲದೆ ಹೋಗಿದ್ದರೆ ವಿಜ್ಞಾನಕ್ಕೆ ಇವತ್ತು ಒಂದು ಮುಖ್ಯ ಲೆಕ್ಕ ಸಿಗುತ್ತಿರಲಿಲ್ಲ.

ಮೊದಲು ಒಂದು ಚಿಪ್ಪನ್ನು ಹತ್ತಿರದಿಂದ ನೋಡೋಣ. ಗ್ಲೋಬಿಜೆರೀನಾ ಬುಲ್ಲಾಯ್ಡಿಸ್ ಎಂದು ಇದರ ಹೆಸರು. ಗಾತ್ರ ಒಂದು ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಹಿಗ್ಗಿಸಿ ನೋಡಿದರೆ ನಾಗರಪಂಚಮಿಗೆ ಹುರಿದ ಜೋಳದ ಅರಳಿನ ಹಾಗೆ ಉಬ್ಬುಬ್ಬಾಗಿ, ಬೆಳ್ಳಗೆ ಕಾಣುತ್ತದೆ. ಮೊದಲು ಒಂದು ಪುಟ್ಟ ಕೋಣೆ. ಅದು ಸಾಲದಾದಾಗ ಪಕ್ಕದಲ್ಲಿ ಇನ್ನೂ ತುಸು ದೊಡ್ಡದು, ಅದೂ ಸಾಲದಾದಾಗ ಮತ್ತೊಂದು. ಕೋಣೆಗಳು ಸುರುಳಿಯಾಗಿ ಸುತ್ತುತ್ತಾ ಬಂದು, ಕೊನೆಯ ಸುತ್ತಿನಲ್ಲಿ ನಾಲ್ಕು ದುಂಡನೆಯ ಕೋಣೆಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ನಡುವಿನ ತಗ್ಗಿಗೆ ತೆರೆದುಕೊಂಡ ಬಾಗಿಲೊಂದಿದೆ, ಕಮಾನಿನ ಆಕಾರದ್ದು. ಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಜೀವವಿದ್ದಾಗ ಇದಕ್ಕೆ ಕೂದಲಿಗಿಂತ ತೆಳುವಾದ ಮುಳ್ಳುಗಳೂ ಇರುತ್ತವೆ. ಸತ್ತು ಮುಳುಗುವಾಗ ಅವು ಮುರಿದು, ಬುಡದ ಗುರುತು ಮಾತ್ರ ಉಳಿಯುತ್ತದೆ. ಹುಟ್ಟಿದಾಗಿನ ಕೋಣೆಯಿಂದ ಹಿಡಿದು ಕೊನೆಯ ಕೋಣೆಯವರೆಗೆ ಇಡೀ ಬಾಳು ಈ ಸುಣ್ಣದ ಮನೆಯಲ್ಲಿ ಅನುಕ್ರಮವಾಗಿ ಕೂತಿರುತ್ತದೆ. ಕಟ್ಟಿದ್ದಾದರೂ ಯಾರು? ಮೆದುಳಿಲ್ಲದ, ಕಣ್ಣಿಲ್ಲದ ಒಂದೇ ಒಂದು ಜೀವಕೋಶ.

ಇದರ ಬಳಗದವರ ನಡೆವಳಿಕೆ ಇನ್ನೂ ಸೊಗಸು. ಆರ್ಬುಲೀನಾ ಯೂನಿವರ್ಸಾ ಎಂಬುದು ಬೆಳೆದ ಮೇಲೆ ತನ್ನ ಹಿಂದಿನ ಕೋಣೆಗಳನ್ನೆಲ್ಲ ಒಳಗಿಟ್ಟುಕೊಂಡು ಸುತ್ತಲೂ ಒಂದು ಪರಿಪೂರ್ಣ ಗೋಳ ಕಟ್ಟುತ್ತದೆ. ಅದರ ಮೈಯಲ್ಲಿ ಸೂಕ್ಷ್ಮ ಪಾಚಿಗಳು ಒಕ್ಕಲಿರುತ್ತವೆ. ಹಗಲಾದರೆ ಆರ್ಬುಲೀನಾ ಅವನ್ನು ಮುಳ್ಳುಗಳ ಉದ್ದಕ್ಕೂ ಹೊರಗೆ ಹರಡಿ ಬಿಸಿಲು ಕಾಯಿಸುತ್ತದೆ, ಸಂಜೆಯಾದರೆ ಚಿಪ್ಪಿನೊಳಕ್ಕೆ ಕರೆದುಕೊಳ್ಳುತ್ತದೆ. ಹ್ಯಾಸ್ಟಿಜೆರೀನಾ ಪೆಲಾಜಿಕಾ ಸಂತಾನಕ್ಕೆ ಚಂದ್ರನ ಲೆಕ್ಕ ಹಿಡಿಯುತ್ತದೆ; ಹುಣ್ಣಿಮೆ ಕಳೆದು ಕೆಲವು ದಿನಕ್ಕೆ ಅದರ ಮುಹೂರ್ತ. ತಳದಲ್ಲಿ ಬಾಳುವ ಕೆಲವಕ್ಕೆ ಸುಣ್ಣ ಕಟ್ಟುವ ಗೋಜೇ ಇಲ್ಲ, ಸಿಕ್ಕ ಮರಳ ಕಣಗಳನ್ನು ಅಂಟಿಸಿಕೊಂಡು ಮನೆ ಮಾಡಿಕೊಳ್ಳುತ್ತವೆ. ಅವುಗಳಲ್ಲೂ ಟೆಕ್ನಿಟೆಲಾ ಥಾಂಪ್ಸನಿ ಎಂಬ ಒಂದು ಹಟಮಾರಿ ಇದೆ. ನಕ್ಷತ್ರಮೀನಿನ ಜಾತಿಯ ಪ್ರಾಣಿಗಳ ಮೈಯಿಂದ ಉದುರಿದ, ತೂತುತೂತಾದ ಬಿಲ್ಲೆಗಳೇ ಅದಕ್ಕೆ ಬೇಕು. ಸುತ್ತ ರಾಶಿ ಮರಳು ಬಿದ್ದಿದ್ದರೂ ಅದನ್ನು ಮುಟ್ಟದೆ, ಆ ಬಿಲ್ಲೆಗಳನ್ನೇ ಆಯ್ದು ಅಂಚಿಗೆ ಅಂಚು ಕೂಡಿಸಿ ಜಾಲಂದ್ರದಂಥ ಗೋಡೆ ಎಬ್ಬಿಸುತ್ತದೆ.

ಇಂಥ ಚೆಲುವಿಗೆ ಮೊದಲು ಮನಸೋತವರಲ್ಲಿ ಫ್ರಾನ್ಸಿನ ಆಲ್ಸೀಡ್ ಡಾರ್ಬಿನಿಯ ಹೆಸರು ದೊಡ್ಡದು. ಅಟ್ಲಾಂಟಿಕ್ ತೀರದ ಲಾ ರೋಷೆಲ್ ಬಳಿ ಬೆಳೆದ ಈತ ದಡದ ಮರಳಿನಲ್ಲಿ ಈ ಚಿಪ್ಪುಗಳನ್ನು ಕಂಡು, 1826ರಲ್ಲಿ ಅವಕ್ಕೆ ವರ್ಗ ಕಟ್ಟಿ ಹೆಸರಿಟ್ಟ. ತಾನು ಕಂಡದ್ದು ಎಲ್ಲರಿಗೂ ಕಾಣಲೆಂದು ಸುಣ್ಣಕಲ್ಲಿನಲ್ಲಿ ನೂರು ಮಾದರಿಗಳನ್ನು ಹಲವು ಪಟ್ಟು ಹಿಗ್ಗಿಸಿ ಕೆತ್ತಿದ. ಅವುಗಳ ಅಚ್ಚುಗಳು ಯುರೋಪಿನ ಸಂಗ್ರಹಾಲಯಗಳಿಗೆ ಹೋದವು. ಸ್ವಾರಸ್ಯವೇನೆಂದರೆ, ಇವು ಆಕ್ಟೋಪಸ್‌ನ ಬಂಧುಗಳು, ಪುಟಾಣಿ ಮೃದ್ವಂಗಿಗಳು ಎಂದೇ ಆತ ನಂಬಿದ್ದ. ಒಳಗಿರುವುದು ಒಂದು ಸರಳ ಜೀವರಸದ ತೊಟ್ಟು ಮಾತ್ರ ಎಂದು 1835ರಲ್ಲಿ ಫೆಲಿಕ್ಸ್ ದುಜಾರ್ದೆ ತೋರಿಸಿದ. ಸಿದ್ಧಾಂತ ಬಿದ್ದುಹೋಯಿತು, ಕೆತ್ತನೆ ಉಳಿಯಿತು. ಕಣ್ಣಿಟ್ಟು ನೋಡಿ ಮಾಡಿದ ಕೆಲಸಕ್ಕೆ ಇರುವ ಆಯುಸ್ಸು ಅಂಥದ್ದು.

1872ರ ಡಿಸೆಂಬರಿನಲ್ಲಿ ಬ್ರಿಟನ್ನಿನಿಂದ ಹೊರಟ ಚಾಲೆಂಜರ್ ಹಡಗು 1876ರ ಮೇ ತಿಂಗಳವರೆಗೆ ಲೋಕದ ಕಡಲುಗಳನ್ನು ಸುತ್ತಿತು. ಉದ್ದನೆಯ ಹಗ್ಗ ಇಳಿಬಿಟ್ಟು ತಳದ ಕೆಸರು ತೆಗೆಯುವುದು, ಮೇಲ್ಮಟ್ಟದಲ್ಲಿ ಬಲೆ ಎಳೆಯುವುದು, ಮತ್ತೆ ಮುಂದೆ ಸಾಗುವುದು. ಗ್ಲೋಬಿಜೆರೀನಾ ಬದುಕುವುದು ತಳದಲ್ಲೋ ಮೇಲೋ ಎಂಬ ಜಗಳ ಆಗ ಜೋರಾಗಿತ್ತು. ಬಲೆಗೆ ಜೀವಂತವಾಗಿ ಬಿದ್ದವನ್ನು ನೋಡಿದ ಹಡಗಿನ ವಿಜ್ಞಾನಿ ಜಾನ್ ಮರೆ, ಅವು ಮೇಲೆ ಬಾಳಿ, ಸತ್ತ ಮೇಲೆ ತಳಕ್ಕೆ ಇಳಿಯುತ್ತವೆ ಎಂದು ಖಚಿತಪಡಿಸಿದ. ಆ ಯಾನದ ಫೊರಾಮ್‌ಗಳ ವರದಿ ಬರೆದವನು ಹೆನ್ರಿ ಬ್ರೇಡಿ, ಔಷಧ ವ್ಯಾಪಾರದಿಂದ ನಿವೃತ್ತನಾಗಿದ್ದ ಮನುಷ್ಯ. 1884ರಲ್ಲಿ ಅಚ್ಚಾದ ಆ ವರದಿಯಲ್ಲಿ 115 ಚಿತ್ರಫಲಕಗಳಿವೆ. ಲಾಜೀನಾ ಎಂಬ ಹೂಜಿಯಾಕಾರದ ಚಿಪ್ಪಿನ ಮೈಮೇಲಿನ ಏಣುಗಳನ್ನು, ಕತ್ತಿನ ಸುತ್ತಿನ ಉಂಗುರಗಳನ್ನು ಅಲ್ಲಿ ಒಂದೊಂದಾಗಿ ಎಣಿಸಬಹುದು. ನೆರಳು ಎಷ್ಟು ಮೆತ್ತಗೆ ಬಿದ್ದಿದೆಯೆಂದರೆ ಕಾಗದದ ಮೇಲೆ ಬೆರಳಾಡಿಸಿದರೆ ಉಬ್ಬು ತಾಕೀತು ಅನ್ನಿಸುತ್ತದೆ. ಇಂದಿಗೂ ಸಂಶೋಧಕರು ಗುರುತು ಹಿಡಿಯಲು ಆ ಪುಟಗಳನ್ನು ತೆರೆಯುತ್ತಾರೆ.

ಇನ್ನೊಬ್ಬ ಎಡ್ವರ್ಡ್ ಹೆರನ್-ಆಲನ್. ವೃತ್ತಿಯಿಂದ ವಕೀಲ. ಪಿಟೀಲು ತಯಾರಿಕೆಯ ಬಗ್ಗೆ ಪುಸ್ತಕ ಬರೆದವನು, ಪಾರಸಿ ಕಲಿತು ಉಮರ್ ಖಯ್ಯಾಮನನ್ನು ಇಂಗ್ಲಿಷಿಗೆ ತಂದವನು. ಫೊರಾಮ್‌ಗಳ ಹುಚ್ಚು ಹಿಡಿದ ಮೇಲೆ ಗೆಳೆಯ ಆರ್ಥರ್ ಅರ್ಲೆಂಡ್ ಜೊತೆ ಕೂತು ವರ್ಷಗಟ್ಟಲೆ ದುಡಿದ. ಮೇಲೆ ಹೇಳಿದ ಟೆಕ್ನಿಟೆಲಾ ಈ ಜೋಡಿಯ ಕೆಲಸದಿಂದಲೇ ಹೆಸರಾದದ್ದು. ಒದ್ದೆ ಮಾಡಿದ ಕುಂಚದ ತುದಿಗೆ ಒಂದೇ ಚಿಪ್ಪನ್ನು ಅಂಟಿಸಿಕೊಂಡು, ಉಸಿರು ಬಿಗಿಹಿಡಿದು, ಗಾಜಿನ ಮೇಲಿನ ಅಂಟಿನಲ್ಲಿ ಬೇಕಾದ ಜಾಗಕ್ಕೆ ಇಳಿಸಬೇಕು; ಜೋರಾಗಿ ಉಸಿರು ಬಿಟ್ಟರೂ ಅದು ಹಾರಿಹೋಗುತ್ತದೆ. 1912ರ ಕ್ರಿಸ್ಮಸ್‌ಗೆ ಅರ್ಲೆಂಡ್ ಹೀಗೆ ಚಿಪ್ಪುಗಳನ್ನೇ ಅಕ್ಷರವಾಗಿ ಜೋಡಿಸಿ ಗೆಳೆಯನಿಗೆ ಶುಭಾಶಯ ಕಳಿಸಿದ. ಆ ಗಾಜು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಯಾವ ಪ್ರಶ್ನೆಗೂ ಉತ್ತರವಾಗದ, ಯಾವ ಪ್ರಬಂಧಕ್ಕೂ ಬೇಡದ ಕೆಲಸ ಅದು. ಆದರೆ ಅಷ್ಟು ಪ್ರೀತಿ ಇಟ್ಟವರ ಕೈಯಲ್ಲೇ ಸಂಗ್ರಹಗಳು ಕೆಡದೆ ಉಳಿಯುವುದು.

ಚಿಪ್ಪಿನೊಳಗೆ ತಾಪಮಾನವೂ ಬರೆದಿದೆ ಎಂಬ ಸುಳಿವು ಸಿಕ್ಕಿದ್ದು 1947ರಲ್ಲಿ, ರಸಾಯನವಿಜ್ಞಾನಿ ಹೆರಾಲ್ಡ್ ಯೂರಿಯ ಲೆಕ್ಕದಿಂದ. ಆಮ್ಲಜನಕದಲ್ಲಿ ಹಗುರದ್ದೂ ಇದೆ, ಭಾರದ್ದೂ ಇದೆ. ಚಿಪ್ಪು ಎರಡನ್ನೂ ಯಾವ ಪ್ರಮಾಣದಲ್ಲಿ ಹಿಡಿದುಕೊಂಡಿತು ಎಂಬುದು ನೀರಿನ ಬಿಸಿಯನ್ನು ಅವಲಂಬಿಸಿದೆ. 1955ರಲ್ಲಿ ಚೆಸರೆ ಎಮಿಲಿಯಾನಿ ಸಾಗರತಳದ ಕೆಸರಿನ ಕಂಬಗಳಿಂದ ಫೊರಾಮ್‌ಗಳನ್ನು ಆರಿಸಿ ಹಿಮಯುಗಗಳ ಏರಿಳಿತವನ್ನು ಗೆರೆಯಾಗಿ ಎಳೆದ. ಕೇಂಬ್ರಿಡ್ಜಿನ ನಿಕೊಲಸ್ ಶ್ಯಾಕಲ್ಟನ್ 1967ರಲ್ಲಿ ಅದಕ್ಕೊಂದು ತಿದ್ದುಪಡಿ ಹಾಕಿದ. ಹಿಮಯುಗದಲ್ಲಿ ಹಗುರ ಆಮ್ಲಜನಕದ ನೀರು ಆವಿಯಾಗಿ ಹೋಗಿ ಹಿಮಗಡ್ಡೆಯಲ್ಲಿ ಸಿಕ್ಕಿಬೀಳುತ್ತದೆ, ಭಾರದ್ದು ಕಡಲಲ್ಲಿ ಉಳಿಯುತ್ತದೆ. ಆದ್ದರಿಂದ ಚಿಪ್ಪು ಹೇಳುವುದು ಹೆಚ್ಚಾಗಿ ಭೂಮಿಯ ಮೇಲೆ ಎಷ್ಟು ಹಿಮವಿತ್ತು ಎಂಬುದನ್ನು. 1976ರಲ್ಲಿ ಜೇಮ್ಸ್ ಹೇಸ್, ಜಾನ್ ಇಂಬ್ರಿ ಅವರ ಜೊತೆ ಸೇರಿ ಶ್ಯಾಕಲ್ಟನ್ ದಕ್ಷಿಣ ಹಿಂದೂ ಮಹಾಸಾಗರದ ಎರಡು ಕೆಸರಿನ ಕಂಬಗಳನ್ನು ಓದಿದ. ಸುಮಾರು 4,50,000 ವರ್ಷಗಳ ದಾಖಲೆ. ಅದರಲ್ಲಿ ಭೂಕಕ್ಷೆಯ ಆಕಾರ, ಅಕ್ಷದ ಓರೆ ಮತ್ತು ಓಲಾಟದ ಆವರ್ತನಗಳು ಒಂದು ಲಕ್ಷ, 40 ಸಾವಿರ, 20 ಸಾವಿರ ವರ್ಷಗಳ ಆಸುಪಾಸಿನಲ್ಲಿ ಬೇರೆಬೇರೆಯಾಗಿ ಎದ್ದುಕಂಡವು. ಶ್ಯಾಕಲ್ಟನ್ ಕ್ಲಾರಿನೆಟ್ ನುಡಿಸುತ್ತಿದ್ದ, ಹಳೆಯ ಕ್ಲಾರಿನೆಟ್‌ಗಳನ್ನು ಕೂಡಿಡುತ್ತಿದ್ದ. ಆ ಸಂಗ್ರಹ ಈಗ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿದೆ. ಒಂದರ ಮೇಲೊಂದು ಕೂತ ಮೂರು ಲಯಗಳನ್ನು ಕೆಸರಿನಲ್ಲಿ ಬಿಡಿಸಿಕೊಂಡವರಲ್ಲಿ ಒಬ್ಬ ಸಂಗೀತಗಾರನೂ ಇದ್ದ ಎಂಬುದು ನನಗೆ ಬಹಳ ಒಪ್ಪುತ್ತದೆ.

ಈ ಕಥೆ ನಮ್ಮ ಮಳೆಗೂ ತಾಕುತ್ತದೆ. ಬುಲ್ಲಾಯ್ಡಿಸ್ ಮೂಲತಃ ತಂಪು ಕಡಲಿನದು. ಆದರೂ ಅರಬ್ಬಿ ಸಮುದ್ರದ ಪಶ್ಚಿಮ ಭಾಗದಲ್ಲಿ, ಒಮಾನಿನ ಎದುರು ಅದು ಹೇರಳ. ಕಾರಣ ಮುಂಗಾರಿನ ಗಾಳಿ. ನಮ್ಮ ಕರಾವಳಿಗೆ, ಮಲೆನಾಡಿಗೆ ಮಳೆ ಹೊತ್ತು ತರುವ ಆ ಗಾಳಿ ಅಲ್ಲಿ ದಡದ ಮೇಲ್ನೀರನ್ನು ಆಚೆಗೆ ತಳ್ಳುತ್ತದೆ, ಆಳದ ತಣ್ಣನೆಯ ಪೌಷ್ಟಿಕ ನೀರು ಮೇಲೆ ಬರುತ್ತದೆ, ಬುಲ್ಲಾಯ್ಡಿಸ್‌ಗೆ ಸುಗ್ಗಿ. ಗಾಳಿ ಬಲವಾದಷ್ಟೂ ಕೆಸರಿನಲ್ಲಿ ಅದರ ಚಿಪ್ಪಿನ ಪಾಲು ಹೆಚ್ಚು. ಅನಿಲ್ ಗುಪ್ತಾ, ಡೇವಿಡ್ ಆಂಡರ್ಸನ್ ಮತ್ತು ಜೊನಾಥನ್ ಓವರ್‌ಪೆಕ್ ಈ ಪಾಲನ್ನು ಎಣಿಸಿ, ಹತ್ತು ಸಾವಿರ ವರ್ಷಗಳ ಮುಂಗಾರಿನ ಏರಿಳಿತವನ್ನು 2003ರಲ್ಲಿ ಮುಂದಿಟ್ಟರು. ಉತ್ತರ ಅಟ್ಲಾಂಟಿಕ್ ತಣ್ಣಗಾದಾಗಲೆಲ್ಲ ನಮ್ಮ ಮುಂಗಾರು ಸೊರಗಿದ್ದು ಅದರಲ್ಲಿ ಕಂಡಿತು. ಇನ್ನೂ ಹತ್ತಿರದ ಉದಾಹರಣೆ ಕಾರವಾರದ್ದು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ಅಲ್ಲಿನ ಕಡಲ ಕೆಸರಿನಲ್ಲಿ ಒಂದು ಫೊರಾಮ್‌ನ ಮೊಟ್ಟಮೊದಲ ಕೋಣೆಯ ಗಾತ್ರ ಅಳೆದರು. ಹೊಳೆ ತರುವ ಸಿಹಿನೀರು ಹೆಚ್ಚಾದರೆ, ಕಡಿಮೆಯಾದರೆ ಆ ಕೋಣೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಸುಮಾರು 77 ವರ್ಷಗಳಿಗೊಮ್ಮೆ ಬರಗಾಲ ಮರುಕಳಿಸುವ ಆವರ್ತನವನ್ನು ಅವರು 1995ರಲ್ಲಿ ಪ್ರಕಟಿಸಿದರು. ಘಟ್ಟದ ಮೇಲೆ ಬಿದ್ದ ಮಳೆಯ ಲೆಕ್ಕ ಹೊಳೆ ಸೇರಿದ ಕಡಲಿನ ಕೆಸರಲ್ಲಿ ಕೂಸಿನ ತೊಟ್ಟಿಲಿನಂಥ ಮೊದಲ ಕೋಣೆಯಲ್ಲಿ ಕೂತಿತ್ತು.

ಈಗ ಆ ಮುಖ್ಯ ಲೆಕ್ಕಕ್ಕೆ ಬರೋಣ. ನಾವು ಸುಡುವ ಕಲ್ಲಿದ್ದಲು, ಪೆಟ್ರೋಲಿನಿಂದ ಏಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಕುಡಿಯುತ್ತದೆ. ಕೈಗಾರಿಕಾ ಯುಗದ ಆರಂಭದಿಂದ ಈಚೆಗೆ ಕಡಲ ಮೇಲ್ನೀರಿನ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಚಿಕ್ಕದಾಗಿ ಕಂಡರೂ ಆಮ್ಲೀಯತೆ ಏರಿದ್ದು ಶೇ 30ರಷ್ಟು. ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಅದರಿಂದ ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದ ದಕ್ಷಿಣದ ಕಡಲಿನಲ್ಲಿ ಇಂದಿನ ಬುಲ್ಲಾಯ್ಡಿಸ್ ಚಿಪ್ಪುಗಳು ಹಿಂದಿನ ಸಾವಿರಾರು ವರ್ಷಗಳ ಕೆಸರಿನ ಚಿಪ್ಪುಗಳಿಗಿಂತ ಶೇ 30ರಿಂದ 35ರಷ್ಟು ಹಗುರವಾಗಿವೆ ಎಂದು 2009ರಲ್ಲಿ ವರದಿಯಾಯಿತು. 2020ರಲ್ಲಿ ಲಿಂಡ್ಸೆ ಫಾಕ್ಸ್ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಚಾಲೆಂಜರ್ ಹಡಗಿನವರು ಪೆಸಿಫಿಕ್‌ನಲ್ಲಿ ಬಲೆ ಎಳೆದು ತಂದ ಫೊರಾಮ್‌ಗಳು ಲಂಡನ್ನಿನ ಅದೇ ಮ್ಯೂಸಿಯಂನಲ್ಲಿದ್ದವು. ಅವನ್ನು ಹೊರತೆಗೆದು, ಈ ಶತಮಾನದಲ್ಲಿ ‘ತಾರಾ’ ಎಂಬ ಸಂಶೋಧನಾ ನೌಕೆ ಸಂಗ್ರಹಿಸಿದವುಗಳ ಪಕ್ಕದಲ್ಲಿಟ್ಟು, ಎರಡನ್ನೂ ಸಿ.ಟಿ. ಸ್ಕ್ಯಾನ್ ಮಾಡಿ ಗೋಡೆಯ ದಪ್ಪ ಅಳೆದರು. ಇಂದಿನವು ತೆಳುವಾಗಿದ್ದವು, ಒಂದು ಜಾತಿಯಲ್ಲಂತೂ ಶೇ 76ರವರೆಗೆ. ಮಾದರಿಗಳು ಕೆಲವೇ, ಜಾಗವೂ ಸೀಮಿತ. ಇದನ್ನೇ ಎಲ್ಲ ಕಡಲಿಗೂ ಹಬ್ಬಿಸಿ ಹೇಳುವ ಹಾಗಿಲ್ಲ. ಆದರೆ ಹೋಲಿಸಿ ನೋಡಲು ಒಂದು ಹಳೆಯ ಚಿಪ್ಪು ಇತ್ತಲ್ಲ, ಅದು ದೊಡ್ಡದು. ಅದನ್ನು ಬಲೆಯಿಂದ ಬಿಡಿಸಿದವರಿಗೆ ಇಂಗಾಲದ ಚಿಂತೆ ಇರಲಿಲ್ಲ. ಚೆನ್ನಾಗಿದೆ, ಇರಲಿ ಎಂದು ಇಟ್ಟಿದ್ದರು. ಜೊತೆಗೆ, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಬರೆದಿಟ್ಟಿದ್ದರು.

ಕಾರವಾರಕ್ಕೋ ಮಲ್ಪೆಗೋ ಹೋದವರು ಇದನ್ನು ತಾವೇ ಮಾಡಿ ನೋಡಬಹುದು. ಅಳಿವೆಯ ಹತ್ತಿರದ ನಯವಾದ ಮರಳುಗೆಸರು ಒಂದು ಹಿಡಿ ಸಾಕು. ತೆಳು ಬಟ್ಟೆಯಲ್ಲಿ ತೊಳೆದು, ಒಣಗಿಸಿ, ಕಪ್ಪು ಕಾಗದದ ಮೇಲೆ ಹರಡಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಹುಡುಕಿ. ತಾಳ್ಮೆಯಿದ್ದರೆ ಒಂದೆರಡು ಸುರುಳಿ ಚಿಪ್ಪಾದರೂ ಸಿಕ್ಕೀತು. ಮಕ್ಕಳಿಗೆ ತೋರಿಸಿ, ಚಿತ್ರ ಬಿಡಿಸಲು ಹೇಳಿ. ಉಳಿದದ್ದನ್ನು ಒಂದು ಪುಟ್ಟ ಶೀಶೆಗೆ ಹಾಕಿಟ್ಟು, ಊರಿನ ಹೆಸರು ಮತ್ತು ತಾರೀಕು ಬರೆದ ಚೀಟಿ ಅಂಟಿಸಲು ಮಾತ್ರ ಮರೆಯಬೇಡಿ. ಆ ಚೀಟಿ ಇಲ್ಲದ ಚಿಪ್ಪು ನೋಡಲು ಚೆಂದ. ಚೀಟಿ ಇರುವ ಚಿಪ್ಪು ನೂರು ವರ್ಷದ ಮೇಲೆ ಬರುವವರಿಗೆ ಸಾಕ್ಷಿ.