ಮೊದಲು ಗೆರೆ, ಆಮೇಲೆ ಹೊಳೆ

ಮಂಗಳ ಗ್ರಹದ ಚಿತ್ರವನ್ನು ವಿದ್ಯಾರ್ಥಿಗಳ ಮುಂದಿಟ್ಟು ‘ನೀರು ಎಲ್ಲಿ ಹರಿದಿತ್ತು, ಗುರುತಿಸಿ’ ಎಂದು ಪಾಠ ಶುರುಮಾಡಬಾರದು. ಹಾಗೆ ಕೇಳಿದರೆ ಕಂಡ ಬಿರುಕೆಲ್ಲ ಹೊಳೆಯಾಗುತ್ತದೆ. ಲಾವಾ ಹರಿದರೂ ಕಾಲುವೆ ಮೂಡುತ್ತದೆ, ನೆಲ ಸೀಳಿದರೂ ಕಂದಕ ಬೀಳುತ್ತದೆ. ಕಣ್ಣಿಗೆ ಕಂಡದ್ದನ್ನಷ್ಟೇ ಅವರು ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಬಿಡಿಸಲಿ.

ಅದಕ್ಕೂ ಮುಂಚೆ ಬಿಸಿಲು ಯಾವ ಕಡೆಯಿಂದ ಬಿದ್ದಿದೆ ಎಂದು ಕೇಳಿ. ಅದು ತಪ್ಪಿದರೆ ಕುಳಿ ಗುಡ್ಡವಾಗಿ ಕಾಣುತ್ತದೆ. ಆಮೇಲೆ ಎತ್ತರದ ನಕ್ಷೆ ತೆಗೆಯಿರಿ. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಲೇಸರ್‌ನಿಂದ ಅಳೆದ ಎತ್ತರಗಳನ್ನು ಚಿತ್ರಗಳ ಜೊತೆ ಹೊಂದಿಸಿ ನೋಡಲು ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಜೆಮಾರ್ಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಕಲಿಸಲು ಜೆಜೆರೋ ಕುಳಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸುಮಾರು 45 ಕಿ.ಮೀ. ಅಗಲ. ಪಶ್ಚಿಮದಿಂದ ನೆರೆಟ್ವಾ, ಉತ್ತರದಿಂದ ಸಾವಾ ಕಣಿವೆಗಳು ಒಳಬರುತ್ತವೆ. ಪೂರ್ವದ ಅಂಚು ಒಡೆದು ಪ್ಲಿವಾ ಹೊರಹೋಗುತ್ತದೆ. ಕೆರೆ ತುಂಬದೆ ಕೋಡಿ ಬೀಳುವುದಿಲ್ಲ. ಆದ್ದರಿಂದ ಪ್ಲಿವಾ ಶುರುವಾಗುವ ಎತ್ತರವನ್ನು ಓದಿ, ಅದೇ ಮಟ್ಟದಲ್ಲಿ ಕುಳಿಯ ಸುತ್ತ ಗೆರೆ ಎಳೆದರೆ, ಕನಿಷ್ಠ ಅಲ್ಲಿಯವರೆಗೆ ನೀರು ನಿಂತಿದ್ದ ಸರೋವರದ ದಡ ಹಾಳೆಯ ಮೇಲೆ ಮೂಡುತ್ತದೆ. ನೆರೆಟ್ವಾದ ಬಾಯಲ್ಲಿ ಬೀಸಣಿಗೆಯಾಕಾರದ ನದೀಮುಖಜ ಭೂಮಿಯೂ ಇದೆ. ಅದನ್ನು ಕಾಣಲೆಂದೇ ಪರ್ಸಿವಿಯರೆನ್ಸ್ ರೋವರ್ 2021ರ ಫೆಬ್ರವರಿ 18ರಂದು ಈ ಕುಳಿಯಲ್ಲಿ ಇಳಿಯಿತು. ನೂರಾರು ಕೋಟಿ ವರ್ಷಗಳ ಹಿಂದಿನ ಸರೋವರವೊಂದರ ದಡವನ್ನು ವಿದ್ಯಾರ್ಥಿಯೇ ಲೆಕ್ಕ ಹಾಕಿ ಎಳೆಯುವುದಿದೆಯಲ್ಲ, ಅದಕ್ಕೆ ಸಾಟಿಯಾದ ಭೂಗೋಳದ ಪಾಠ ಇನ್ನೊಂದಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ, ಗುಸೆವ್ ಕುಳಿಯನ್ನೂ ಕೊಡಿ. ದಕ್ಷಿಣದಿಂದ ಮಾಅದಿಮ್ ಎಂಬ ದೊಡ್ಡ ಕಣಿವೆ ಅದರೊಳಕ್ಕೆ ಬಂದು ಸೇರುತ್ತದೆ. ನಕ್ಷೆ ನೋಡಿದವರು ಇಲ್ಲಿ ಸರೋವರದ ಕೆಸರು ಸಿಕ್ಕೀತೆಂದು ನಿರೀಕ್ಷಿಸಿದ್ದರು. 2004ರ ಜನವರಿಯಲ್ಲಿ ಇಳಿದ ಸ್ಪಿರಿಟ್ ರೋವರ್‌ಗೆ ಆ ಬಯಲಲ್ಲಿ ಸಿಕ್ಕಿದ್ದು ಜ್ವಾಲಾಮುಖಿಯ ಬಸಾಲ್ಟ್ ಕಲ್ಲು. ಕಣಿವೆ ಸುಳ್ಳಲ್ಲ, ಆದರೆ ಬಯಲಿನ ಮೇಲೆ ಆಮೇಲೆ ಲಾವಾ ಹರಡಿಕೊಂಡಿದೆ. ಮೇಲಿನಿಂದ ಎಳೆದ ನಕ್ಷೆ ಎಲ್ಲಿಯವರೆಗೆ ನಂಬಲರ್ಹ ಎಂಬುದು ಗುಸೆವ್‌ನಲ್ಲಿ ಅರ್ಥವಾದಷ್ಟು ಚೆನ್ನಾಗಿ ಜೆಜೆರೋದಲ್ಲಿ ಅರ್ಥವಾಗುವುದಿಲ್ಲ.

ಭೂವಿಜ್ಞಾನದ ನಕ್ಷೆಗಳಲ್ಲಿ ಖಚಿತವಿರುವಲ್ಲಿ ತುಂಬುಗೆರೆ, ಅನುಮಾನವಿರುವಲ್ಲಿ ತುಂಡುಗೆರೆ ಎಳೆಯುವ ಪದ್ಧತಿಯಿದೆ. ಶಿಕ್ಷಕರಲ್ಲಿ ನನ್ನ ಕೋರಿಕೆ: ತುಂಡುಗೆರೆ ಎಳೆದು, ಯಾಕೆಂದು ಪಕ್ಕದಲ್ಲಿ ಬರೆದ ವಿದ್ಯಾರ್ಥಿಗೆ ಅಂಕ ಕಡಿಮೆ ಮಾಡಬೇಡಿ.